ತಲೆಯಾಡಿಸುವ ಊರು

ಬಂಡೆಯ ಮೇಲೆ ಒಂದು ಊರು. ಆ ಊರಿನಲ್ಲಿ ಯಾರೂ ಯಾರಿಗೂ ಕೇಳಿಸುವ ಹಾಗೆ ತಪ್ಪಾಯಿತು ಎಂದು ಹೇಳುವುದಿಲ್ಲ. ತಪ್ಪು ಮಾಡುವುದಿಲ್ಲ ಎಂದಲ್ಲ. ಎಲ್ಲ ಊರಿನವರು ಮಾಡುವಷ್ಟೇ ಮಾಡುತ್ತಾರೆ. ಹೇಳುವ ಕ್ರಮ ಮಾತ್ರ ಬೇರೆ.

ವಾರಕ್ಕೊಂದು ಸಂಜೆ ಊರ ನಡುವಿನ ಕಟ್ಟೆಯ ಮೇಲೆ ಬ್ಯಾಂಡು ನುಡಿಸುತ್ತದೆ. ಹೊರಗಿನವರು ಅದನ್ನು ರಾಕ್ ಅನ್ನುತ್ತಾರೆ. ಊರಿನವರು ಗದ್ದಲ ಅನ್ನುತ್ತಾರೆ, ಬಹಳ ಗೌರವದಿಂದ ಅನ್ನುತ್ತಾರೆ. ಕಟ್ಟೆಯ ಎರಡೂ ಬದಿಗೆ ಮನೆಯೆತ್ತರದ ಕಪ್ಪು ಸ್ಪೀಕರುಗಳು. ಗದ್ದಲ ಏರಿದಾಗ ತಪ್ಪು ಮಾಡಿದವನು, ತಾನು ಯಾರಿಗೆ ತಪ್ಪು ಮಾಡಿದನೋ ಅವರ ಕೈ ಹಿಡಿದು ಸ್ಪೀಕರಿನ ಎದುರಿಗೆ ಕರೆತರುತ್ತಾನೆ. ಕಿವಿಯ ಹತ್ತಿರ ಬಾಯಿಟ್ಟು, ಮಾಡಿದ್ದನ್ನೆಲ್ಲ ಗಂಟಲು ಹರಿಯುವ ಹಾಗೆ ಕೂಗಿ ಹೇಳುತ್ತಾನೆ. ಕೇಳುವವರಿಗೆ ಒಂದಕ್ಷರವೂ ಕೇಳಿಸುವುದಿಲ್ಲ. ಅವರು ತಲೆಯಾಡಿಸುತ್ತಾರೆ. ಇಬ್ಬರೂ ಮನೆಗೆ ಹೋಗಿ ಊಟ ಮಾಡುತ್ತಾರೆ.

ಗದ್ದಲದಲ್ಲಿ ಹೇಳಿದ್ದು ಹೇಳಿದ ಹಾಗೆ. ತಲೆಯಾಡಿಸಿದರೆ ಮುಗಿದ ಹಾಗೆ. ಇದು ಅಲ್ಲಿನ ಕಟ್ಟಳೆ.

ಲೋಕ ಸುತ್ತಿದವರಿಗೆ ಇದರಲ್ಲಿ ನಗುವಂಥದ್ದೇನೂ ಕಾಣುವುದಿಲ್ಲ. ಜಾಲರಿಯ ಹಿಂದೆ ಕೂತ ಪಾದ್ರಿಯ ಕಿವಿಗೆ ತಪ್ಪನ್ನು ಒಪ್ಪಿಸುವ ಊರುಗಳಿವೆ. ಹೊಳೆಯಲ್ಲಿ ಮುಳುಗಿ ತೊಳೆದುಕೊಳ್ಳುವ ಊರುಗಳಿವೆ. ಮನಸ್ಸಿನ ಡಾಕ್ಟರಿಗೆ ಗಂಟೆಗಿಷ್ಟು ಎಂದು ಕೊಟ್ಟು, ಸೋಫಾದ ಮೇಲೆ ಮಲಗಿ, ತಪ್ಪನ್ನು ಅಮ್ಮನ ಮೇಲೆ ಹಾಕಿ ಎದ್ದುಬರುವ ಊರುಗಳೂ ಇವೆ. ಬಂಡೆಯೂರಿನ ಕ್ರಮ ಇವೆಲ್ಲಕ್ಕಿಂತ ಅಗ್ಗ. ಜೊತೆಗೆ ಸಂಗೀತ ಬೇರೆ.

ಬ್ಯಾಂಡಿನಲ್ಲಿ ನಾಲ್ವರು: ಹಾಡುವವನು, ಗಿಟಾರಿನವನು, ಬೇಸ್ ಗಿಟಾರಿನ ದಪ್ಪ ತಂತಿಯವನು, ಡ್ರಮ್ಮಿನವಳು. ಮೊದಲ ಸಲ ಕಟ್ಟೆ ಹತ್ತಿದಾಗ ನಾಲ್ವರಿಗೂ ಹೆಗಲ ತನಕ ಕೂದಲು. ಈಗ ಕೂದಲಿರುವುದು ಇಬ್ಬರಿಗೆ; ಅದರಲ್ಲಿ ಒಬ್ಬನದು ನಿಜವೋ ಅಲ್ಲವೋ ಎಂದು ಊರಿನಲ್ಲಿ ಅನುಮಾನ. ಇಷ್ಟು ವರ್ಷ ಅವರು ಯಾರ ತಪ್ಪನ್ನೂ ಕೇಳಿಸಿಕೊಂಡವರಲ್ಲ. ಆದರೆ ಕಟ್ಟೆಯ ಮೇಲಿಂದ ಬಾಯಿಗಳು ಕಾಣುತ್ತವೆ. ತೆರೆಯುವ ಬಾಯಿಗಳು, ಆಡುವ ತಲೆಗಳು. ವಾರವಾರವೂ ತೆರೆಯುವ ಬಾಯಿಗಳು, ಆಡುವ ತಲೆಗಳು.

ಹಾಡುವವನ ಮನೆಯಲ್ಲಿ ಅವನ ಅಕ್ಕ ಇದ್ದಳು. ಅವನನ್ನು ಸಾಕಿದವಳು. ತನ್ನ ಕಿವಿಯ ವಾಲೆ ಮಾರಿ ಅವನಿಗೆ ಮೊದಲ ಗಿಟಾರು ಕೊಡಿಸಿದವಳು. ಬಹಳ ಹಿಂದೆ ಒಂದು ಸಂಜೆ, ಗಿಟಾರಿನವನು ಡ್ರಮ್ಮಿನ ತಾಳಕ್ಕೆ ಮೈಮರೆತು ನುಡಿಸುತ್ತಿದ್ದ ಹೊತ್ತಿನಲ್ಲಿ, ಹಾಡುವವನು ಕಟ್ಟೆಯಿಂದ ಇಳಿದು ಬಂದು ಅಕ್ಕನ ಕಿವಿಗೆ ಏನೋ ಕೂಗಿದ್ದ. ಅಕ್ಕನ ತಲೆ ಆಡಿತ್ತು. ಅವನು ಹಗುರಾಗಿ ಕಟ್ಟೆ ಹತ್ತಿದ್ದ. ಮುಗಿದ ಹಾಗಾಗಿತ್ತು.

ಈಗ ತಲೆ ಪೂರ್ತಿ ಬೆಳ್ಳಗಾದ ಮೇಲೆ, ಬೆಳಿಗ್ಗೆ ಗಂಜಿ ಬಡಿಸುತ್ತಾ ಅಕ್ಕ ಕೇಳತೊಡಗಿದಳು.

"ಅವತ್ತು ಏನು ಹೇಳಿದ್ಯೋ?"

"ಹೇಳಿದ್ದು ಹೇಳಿದ ಹಾಗೆ, ಅಕ್ಕ."

"ಅದು ಊರಿನ ಮಾತು. ನಾನು ನಿನ್ನನ್ನ ಕೇಳ್ತಿದ್ದೀನಿ."

"ಹಳೇ ವಿಷಯ ಅದು. ನೀನು ತಲೆಯಾಡಿಸಿಯೂ ಆಯ್ತಲ್ಲ."

"ಏನಕ್ಕೆ ತಲೆಯಾಡಿಸಿದೆ ಅಂತ ತಿಳ್ಕೊಂಡು ಸಾಯೋಣ ಅಂತ. ಉಪ್ಪು ಸಾಕಾ?"

ಉಪ್ಪು ಸಾಕಾಗಿತ್ತು. ಆದರೂ ಅವನು ಇನ್ನಷ್ಟು ಹಾಕಿಕೊಂಡ.

ಅಕ್ಕ ಜಗಳವಾಡುವವಳಲ್ಲ. ಕೇಳುವುದು, ಬಡಿಸುವುದು, ಮರುದಿನ ಮತ್ತೆ ಕೇಳುವುದು. ಹಾಡುವವನು ಯೋಚಿಸಿದ. ಹೇಳುವುದು ಆಗದ ಮಾತು. ಹೇಳದೆ ಇರುವುದೂ ಕಷ್ಟವಾಗುತ್ತಿತ್ತು. ಕೊನೆಗೆ ಅಂಥವರಿಗೆಲ್ಲ ಹೊಳೆಯುವುದೇ ಅವನಿಗೂ ಹೊಳೆಯಿತು: ಏನಾದರೂ ಕೊಟ್ಟುಬಿಡುವುದು. ಅಕ್ಕನಿಗಾಗಿ ಒಂದು ಹಾಡು ಕೊಟ್ಟುಬಿಡುವುದು, ಮೆತ್ತಗಿನದು.

ಬಂಡೆಯ ಕೆಳಗೆ ಬಯಲು. ಬಯಲಿನವರ ಹಾಡು ಬೇರೆ ತರ. ಮರದ ಗಿಟಾರು, ಒಂದು ಪಿಟೀಲು, ಹೇಸರಗತ್ತೆಯ ನಡಿಗೆಯಂಥ ತಾಳ. ಬಾವಿ, ದಾರಿ, ಬಿಟ್ಟುಹೋದ ಹೆಂಡತಿ, ಬಿಟ್ಟುಹೋಗದ ನಾಯಿ, ಇಷ್ಟೇ ಅದರ ಸಾಮಾನು. ಹೊರಗಿನವರು ಇದನ್ನು ಕಂಟ್ರಿ ಅನ್ನುತ್ತಾರೆ. ಬಂಡೆಯೂರಿನವರು ಕೆಳಗಿನ ಹಾಡು ಅನ್ನುತ್ತಾರೆ, ಮೂಗು ಸ್ವಲ್ಪ ಮೇಲೆತ್ತಿ. ಗದ್ದಲದಲ್ಲಿ ಪದ ಏನಾದರೂ ಇರಲಿ, ನಡೆಯುತ್ತದೆ. ಕೆಳಗಿನ ಹಾಡಿನಲ್ಲಿ ಪದ ಕೇಳಿಸದಿದ್ದರೆ ಏನೂ ಉಳಿಯುವುದಿಲ್ಲ.

"ಈ ವಯಸ್ಸಲ್ಲಿ ನಾನು ಹೇಸರಗತ್ತೆ ಮೇಲೆ ನುಡಿಸಬೇಕಾ?" ಎಂದ ಗಿಟಾರಿನವನು.

"ಮೇಲೆ ಅಂದ್ರೆ ಮೇಲೆ ಕೂತ್ಕೊಂಡು ಅಲ್ಲ, ಮಾರಾಯ," ಎಂದ ದಪ್ಪ ತಂತಿಯವನು. ಆಮೇಲೆ ಹಾಡುವವನ ಕಡೆ ತಿರುಗಿ, "ಗಂಟಲು ಕೂತಿದೆ ಅಂತ ನೇರವಾಗಿ ಹೇಳಿಬಿಡು. ನಾವೇನು ಹೊರಗಿನವರಾ?"

"ಗಂಟಲು ಸರಿಯಾಗಿದೆ. ಅಕ್ಕನಿಗೆ ಒಂದು ಹಾಡು ಕೊಡೋಣ ಅಂತ."

ಡ್ರಮ್ಮಿನವಳು ಮಣಿಕಟ್ಟಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. "ನನಗೆ ಯಾವುದಾದ್ರೂ ಸರಿ. ಮೆತ್ತಗಿದ್ರೆ ಇನ್ನೂ ಸರಿ," ಎಂದಳು.

ಸುದ್ದಿ ಊರ ಹಿರಿಯನ ಕಿವಿಗೆ ಬಿತ್ತು. ಹಿರಿಯ ಪ್ರತಿ ವಾರವೂ ಹೆಂಡತಿಯ ಕೈ ಹಿಡಿದು ಸ್ಪೀಕರಿನ ಎದುರಿಗೆ ಬರುವವನು. ಪ್ರತಿ ವಾರವೂ ಅಷ್ಟೇ ಉದ್ದದ ಒಂದು ಮಾತು ಕೂಗಿ ಹೋಗುವವನು. ಅವನು ಬ್ಯಾಂಡನ್ನು ಕರೆಸಿದ.

"ಅಲ್ಲಯ್ಯಾ, ನೀವು ಮೆತ್ತಗೆ ನುಡಿಸಿದರೆ ಜನ ಎಲ್ಲಿಗೆ ಹೋಗಬೇಕು?"

"ಒಂದೇ ಒಂದು ಹಾಡು, ಯಜಮಾನರೇ. ಉಳಿದದ್ದೆಲ್ಲ ಎಂದಿನ ಹಾಗೆ."

"ಒಂದು ಹಾಡಿನಷ್ಟು ಹೊತ್ತು ಸಾಕು, ಒಂದು ಊರು ಹಾಳಾಗೋಕೆ." ಆದರೂ ಆ ಊರಿನಲ್ಲಿ ಬ್ಯಾಂಡಿಗೆ ಬೇಡ ಅಂದ ಪದ್ಧತಿಯಿರಲಿಲ್ಲ. "ಡಂಗುರ ಹೊಡೆಸ್ತೀನಿ. ಆ ಹಾಡಿನ ಹೊತ್ತಿಗೆ ಎಲ್ಲ ಬಾಯಿ ಮುಚ್ಚಿಕೊಂಡಿರಲಿ ಅಂತ."

ಡಂಗುರ ಹೊಡೆಸಿದ ಕೂಡ. ಆದರೆ ವಾರವಾರವೂ ಸ್ಪೀಕರಿನ ಎದುರಿಗೆ ನಿಂತು, ಕೇಳಿಸಿಕೊಳ್ಳುವುದನ್ನೇ ಬಿಟ್ಟ ಜನ ಅವರು. ಡಂಗುರದವನ ಬಾಯಿ ಆಡಿದ್ದು ಕಂಡಿತು. ಅವರು ತಲೆಯಾಡಿಸಿದರು.

ಬ್ಯಾಂಡು ಬಂಡೆ ಇಳಿಯಿತು. ಬಯಲಿನಲ್ಲಿ ಹಾಡು ಕೊಡುವವಳೊಬ್ಬಳು ಇದ್ದಳು. ಜಗಲಿಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು.

"ಏನು ಬಂದ್ರಿ?"

"ಒಂದು ಹಾಡು ಬೇಕಿತ್ತು, ಅವ್ವ," ಎಂದ ಹಾಡುವವನು.

"ಒದರಬ್ಯಾಡ. ನಾ ಇಲ್ಲೇ ಅದೀನಿ, ಹೊಳಿ ಆಚೆ ಇಲ್ಲ." ಅವಳು ಮೊರ ಪಕ್ಕಕ್ಕಿಟ್ಟಳು. "ಯಾರ ಮುಂದ ಹಾಡೋದು?"

"ನಮ್ಮ ಅಕ್ಕನ ಮುಂದೆ."

"ಮ್ಯಾಲಿನೂರಿನ ಅಕ್ಕನ ಮುಂದ," ಎಂದು ಅವಳು ತನ್ನಷ್ಟಕ್ಕೇ ಹೇಳಿಕೊಂಡಳು. "ಹಂಗಾರ ಒಂದು ಹಾಡೈತಿ. ಆದ್ರ ಪದ ಬದಲಿ ಮಾಡಂಗಿಲ್ಲ. ಪದ ಮುಚ್ಚಂಗಿಲ್ಲ. ನಡುವ ಒಂದು ಕಡೆ ಹಾಡು ಸುಮ್ಮನ ನಿಲ್ತೈತಿ, ತಾಳ ಅಷ್ಟ ನಡೀತೈತಿ. ಆ ಜಾಗ ಕೇಳೋರದು. ಅದನ್ನ ನೀವು ತುಂಬಬ್ಯಾಡ್ರಿ."

ನಾಲ್ವರೂ ಒಪ್ಪಿದರು. ಅವಳು ಕಣ್ಣು ಮುಚ್ಚದೆ, ಅವರನ್ನೇ ನೋಡುತ್ತಾ ಹಾಡಿದಳು.

*ಕೆಂಡದ ಕೈಯ ತೊಳೆದು ಬಂದೆ, ಹುಣಸೆ ಹಚ್ಚಿ ತೊಳೆದು ಬಂದೆ,*
*ಹೊಳೆಯ ಮರಳಲಿ ಉಜ್ಜಿ ಬಂದೆ, ಮೇಲಿನೂರಿನ ಬಾಗಿಲಿಗೆ.*
*ಬಾಗಿಲಲ್ಲಿ ನಿಂತ ತಮ್ಮ ಒಳಗೆ ಹೋಗದೆ ಹೇಳಿದ:*
*ಅಕ್ಕ ಒಲ್ಲಳು, ನಿನ್ನ ಕೈಗೆ ಸುಟ್ಟ ಗೊರಸಿನ ವಾಸನೆ.*

ಇಲ್ಲಿ ಹಾಡು ನಿಂತಿತು. ತಾಳ ನಡೆಯಿತು. ಪಕ್ಕದ ಮನೆಯ ಒಳಗಿಂದ, ರೊಟ್ಟಿ ಬಡಿಯುತ್ತಿದ್ದ ಯಾರೋ ಸರಿಯಾಗಿ ಆ ಜಾಗಕ್ಕೆ, "ಅವನ ನಾಲಿಗಿ ಸೇದಿ ಹೋಗ್ಲಿ," ಎಂದರು. ಹಾಡು ಮುಂದುವರಿಯಿತು.

*ಒಳಗೆ ರುಬ್ಬುವ ಕಲ್ಲ ಸದ್ದು, ಅವಳಿಗೇನೂ ಕೇಳದು.*
*ಕಲ್ಲು ನಿಲ್ಲಲಿ ಎಂದು ನಿಂತೆ, ಕಲ್ಲು ನಿಲ್ಲಲೇ ಇಲ್ಲ.*
*ನಾನು ನಿಂತೆ, ನೆರಳು ನಿಂತಿತು, ಹೇಸರಗತ್ತೆ ನಿಲ್ಲದು.*

ಗಿಟಾರಿನವನು ಮೂಗು ಒರೆಸಿಕೊಂಡ. ದಪ್ಪ ತಂತಿಯವನು, "ಆ ಹೇಸರಗತ್ತೆ ಚೆನ್ನಾಗಿದೆ," ಎಂದ. ಹಾಡುವವನಿಗೆ ಆ ಬಾಗಿಲು ಗೊತ್ತಿತ್ತು, ಆ ಕಲ್ಲಿನ ಸದ್ದು ಗೊತ್ತಿತ್ತು. ತೊಳೆದೂ ತೊಳೆದೂ ಕೆಂಪಾಗಿದ್ದ ಆ ಎರಡು ಕೈಗಳು ಗೊತ್ತಿತ್ತು. ವರ್ಷಕ್ಕೊಮ್ಮೆ ಬಂಡೆ ಹತ್ತಿ ಬಂದು ಊರಿನ ಹೇಸರಗತ್ತೆಗಳ ಗೊರಸಿಗೆ ಕಾದ ಲಾಳ ಕಟ್ಟುತ್ತಿದ್ದವನ ಕೈಗಳು ಅವು. ಅಕ್ಕ ಹಗ್ಗ ಹಿಡಿದು ನಿಲ್ಲುತ್ತಿದ್ದಳು. ಅಕ್ಕ ಅವನ ಜೊತೆ ಬಂಡೆ ಇಳಿದು ಹೋದರೆ ತನಗೆ ಯಾರು ಎಂದು ಬಾಗಿಲಲ್ಲಿ ನಿಂತಿದ್ದ ಹುಡುಗನಿಗೆ ಅನಿಸಿತ್ತು. ಅಷ್ಟೇ ಅನಿಸಿದ್ದು. ಉಳಿದದ್ದನ್ನು ನಾಲಿಗೆ ತಾನಾಗಿ ಮಾಡಿತ್ತು.

"ಇದನ್ನ ಕಟ್ಟಿದವರು ಯಾರು?" ಎಂದು ಕೇಳಿದ.

"ಒಬ್ಬ ಲಾಳ ಕಟ್ಟಾಂವ. ಊರೂರು ತಿರುಗಿ ಎಲ್ಲೋ ಸತ್ತ. ಈಗ ಎಲ್ಲಾರೂ ಹಾಡ್ತಾರ, ಕಳೆ ತೆಗಿಯೋವಾಗ, ರೊಟ್ಟಿ ಬಡಿಯೋವಾಗ. ಆ ತಮ್ಮನ ಜಾಗ ಬಂದ್ರ ಎಲ್ಲಾರೂ ಬೈತಾರ. ಸಣ್ಣ ಮಕ್ಕಳೂ ಬೈತಾವ. ಬೈಗುಳ ಕಲೀಲಿಕ್ಕೆ ಭಾಳ ಚಲೋ ಹಾಡು."

ಬಂಡೆಯ ಮೇಲೆ ಜನ ತನಗೆ ಕೈಯೆತ್ತಿ ಕೂಗಿದ ಸಂಜೆಗಳಲ್ಲೆಲ್ಲ, ಬಂಡೆಯ ಕೆಳಗೆ ಇಡೀ ಬಯಲು ತನ್ನನ್ನು ತಾಳಕ್ಕೆ ಸರಿಯಾಗಿ ಬೈಯುತ್ತಿತ್ತು ಎಂದು ಹಾಡುವವನಿಗೆ ಆಗ ತಿಳಿಯಿತು. ಹತ್ತುವ ದಾರಿಯಲ್ಲಿ ಅವನು ಎಲ್ಲರಿಗಿಂತ ಹಿಂದೆ ಉಳಿದ.

ಅಭ್ಯಾಸಕ್ಕೆ ಕೂತಾಗ ಅವನು, ಬಾಗಿಲಲ್ಲಿ ನಿಂತ ನೆರೆಯವ, ಎಂದು ಹಾಡಿದ.

"ತಮ್ಮ ಅಲ್ವಾ?" ಎಂದ ಗಿಟಾರಿನವನು.

"ನೆರೆಯವ ಅಂದ್ರೂ ಆಗುತ್ತೆ."

"ಆಗಲ್ಲ," ಎಂದಳು ಡ್ರಮ್ಮಿನವಳು. "ನೆರೆಯವನು ಒಳಗೆ ಹೋಗದೆ ಹೇಳಿದರೆ ಅದರಲ್ಲೇನು ತಪ್ಪು? ಅವನ ಮನೆಯೇ ಅಲ್ಲ. ತಮ್ಮ ಒಳಗೆ ಹೋಗದೆ ಹೇಳಿದ ಅನ್ನೋದರಲ್ಲೇ ಇರೋದು ಹಾಡು."

"ಹಾಗಾದರೆ ಸ್ವಲ್ಪ ಜೋರಾಗಿ ನುಡಿಸಿ, ಆ ಸಾಲಿಗೆ ಮಾತ್ರ."

"ಪದ ಮುಚ್ಚೋ ಹಾಗಿಲ್ಲ ಅಂತ ಒಪ್ಪಿಕೊಂಡು ಬಂದಿದ್ದೀವಿ."

"ಹಾಗಾದರೆ ಬೇಡ. ಈ ಹಾಡೇ ಬೇಡ. ನಮಗೆ ಒಗ್ಗಲ್ಲ ಇದು. ನಾವು ಗದ್ದಲದವರು."

ಗಿಟಾರಿನವನೂ ದಪ್ಪ ತಂತಿಯವನೂ ಮುಖಮುಖ ನೋಡಿಕೊಂಡರು. ಬೇಕು ಎಂದು ಕುಣಿದವನು ಇವನೇ.

ಡ್ರಮ್ಮಿನವಳು ಕೋಲು ಕೆಳಗಿಟ್ಟಳು. "ಇಷ್ಟು ವರ್ಷ ನಾನು ನೋಡಿರೋದು ನಿನ್ನ ಬೆನ್ನು," ಎಂದಳು. "ಮುಖ ಇವತ್ತಿಗೂ ಸರಿಯಾಗಿ ಪರಿಚಯ ಇಲ್ಲ. ಆ ಸಾಲು ಬಂದಾಗ ನಿನ್ನ ಬೆನ್ನು ಗೂನಾಗುತ್ತೆ. ಅವತ್ತು ಅಕ್ಕನ ಕಿವಿಗೆ ಕೂಗೋಕೆ ಇಳಿದು ಹೋದೆಯಲ್ಲ, ಆಗಲೂ ಹಾಗೇ ಆಗಿತ್ತು."

ಹಾಡುವವನು ಅವಳ ಕಡೆ ತಿರುಗಲಿಲ್ಲ. "ಅಕ್ಕ ಒಳ್ಳೇ ಸೀರೆ ತೆಗೆದಿಟ್ಟಿದ್ದಾಳಂತೆ," ಎಂದಷ್ಟೇ ಹೇಳಿ ಡ್ರಮ್ಮಿನವಳು ಕೋಲು ಎತ್ತಿಕೊಂಡಳು. ಅಭ್ಯಾಸ ಮತ್ತೆ ಶುರುವಾಯಿತು.

ಸಂಜೆ ಬಂತು. ಬ್ಯಾಂಡು ಎಂದಿನ ಹಾಗೆ ಗದ್ದಲದಿಂದ ಶುರು ಮಾಡಿತು. ಬಂಡೆ ನಡುಗಿತು. ಜನ ತಮ್ಮ ತಮ್ಮವರ ಕೈ ಹಿಡಿದು ಸ್ಪೀಕರಿನ ಎದುರಿಗೆ ಬಂದರು. ಬಾಯಿಗಳು ತೆರೆದವು, ತಲೆಗಳು ಆಡಿದವು. ಅಕ್ಕ ಮುಂದಿನ ಸಾಲಿನಲ್ಲಿ, ಮನೆಯಿಂದ ತಂದ ಮಣೆ ಹಾಕಿಕೊಂಡು ಕೂತಿದ್ದಳು.

ಆಮೇಲೆ, ಮೊದಲೇ ಮಾತಾಡಿಕೊಂಡ ಹಾಗೆ, ನಾಲ್ವರೂ ಒಟ್ಟಿಗೆ ಕೈ ತಗ್ಗಿಸಿದರು. ಗದ್ದಲ ನಿಂತಿತು. ಮರದ ಗಿಟಾರಿನ ಒಂದು ತಂತಿ ಮೆಲ್ಲಗೆ ಮಿಡಿಯಿತು.

ಜನ ನಿಲ್ಲಿಸಲಿಲ್ಲ. ಹುಟ್ಟಿದಾಗಿನಿಂದ ಕೂಗಿಯೇ ಹೇಳಿದವರು. ಮಾತಿನ ನಡುವೆ ಇದ್ದವರು ಮಾತು ಮುಗಿಸಿದರು, ಗಂಟಲು ಹರಿಯುವ ಹಾಗೆಯೇ.

"ನಿನ್ನ ಬಟ್ಟೆ ಉಳಿದಿತ್ತು, ನನ್ನ ಮಗನಿಗೆ ಚಡ್ಡಿ ಹೊಲಿದೆ," ಎಂದು ಕೂಗಿದ ಹೊಲಿಗೆಯವನು. ಮಗ ಅದೇ ಚಡ್ಡಿಯಲ್ಲಿ ಪಕ್ಕದಲ್ಲೇ ನಿಂತಿದ್ದ.

"ಹಾಲಿಗೆ ನೀರು ಹಾಕು ಅಂದಿದ್ದು ಅತ್ತೆ, ಹಾಕಿದ್ದು ನಾನು," ಎಂದಳು ಹಾಲಿನವಳು.

"ನಾನು ಇಷ್ಟಪಟ್ಟು ನೋಡೋಕೆ ಬಂದಿದ್ದು ನಿನ್ನ ತಂಗೀನ," ಎಂದು ಕೂಗಿದ, ಡಂಗುರ ಹೊಡೆಸಿದ್ದ ಊರ ಹಿರಿಯನೇ, ಹೆಂಡತಿಯ ಕಿವಿಯ ಹತ್ತಿರ ಬಾಯಿಟ್ಟು.

"ಮಗು ಅಳೋದು ಕೇಳಿಸಿತ್ತು ಕಣೇ. ನಾನು ಏಳಲಿಲ್ಲ," ಎಂದ ಇನ್ನೊಬ್ಬ.

ಇದು ಎಲ್ಲಕ್ಕಿಂತ ಕೊನೆಯ ಮಾತು. ಆ ಊರಿನಲ್ಲಿ ಅಂಥ ಮೌನವನ್ನು ಕಂಡವರಿರಲಿಲ್ಲ. ದೂರದಲ್ಲಿ ಒಂದು ನಲ್ಲಿ ತೊಟ್ಟಿಕ್ಕುವುದು ಎಲ್ಲರಿಗೂ ಕೇಳಿಸಿತು. ಅದು ಯಾವಾಗಿನಿಂದ ತೊಟ್ಟಿಕ್ಕುತ್ತಿತ್ತೋ.

"ಏರಿಸು," ಎಂದ ಊರ ಹಿರಿಯ. "ಸದ್ದು ಏರಿಸಯ್ಯಾ."

"ಏರಿಸಪ್ಪ," ಎಂದರು ಹಿಂದಿನಿಂದ. "ನಮ್ಮಪ್ಪ, ಏರಿಸು."

ಸದ್ದು ಏರಿಸುವ ತಿರುಗುಣಿ ಹಾಡುವವನ ಕೈಗೆ ಸಿಗುವಷ್ಟು ಹತ್ತಿರವಿತ್ತು. ಅವನು ಅದರ ಮೇಲೆ ಕೈಯಿಟ್ಟ. ಒಂದು ಸಲ ತಿರುಗಿಸಿದರೆ ಊರಿಗೆ ಊರೇ ತಲೆಯಾಡಿಸುತ್ತಿತ್ತು. ಕೇಳಿಸಿದ್ದು ಕೇಳಿಸಲಿಲ್ಲ ಎಂದು ಒಪ್ಪಿಕೊಳ್ಳಲು ಎಲ್ಲರೂ ಸಿದ್ಧರಿದ್ದರು. ಅವನೂ ಸಿದ್ಧನಿದ್ದ. ಊರಿಗೋಸ್ಕರ ಎಂದು ಹೇಳಿಕೊಳ್ಳಬಹುದಿತ್ತು.

ಆಗ ಅಕ್ಕ ಮಣೆಯ ಮೇಲಿಂದಲೇ ಕೇಳಿದಳು: "ನನಗೆ ಅಂತ ತಂದಿದ್ದೆಯಲ್ಲೋ. ಎಲ್ಲಿ ಅದು?"

ಪೇಟೆಗೆ ಹೋಗಿ ಬಂದವನ ಚೀಲದ ಕಡೆ ನೋಡುವವಳ ಹಾಗೆ ಕೇಳಿದಳು.

ಹಾಡುವವನು ತಿರುಗುಣಿಯ ಮೇಲಿಂದ ಕೈ ತೆಗೆದ. ಹಾಡಿದ. ಕೆಂಡದ ಕೈಯ ತೊಳೆದು ಬಂದವನ ಬಾಯಿಂದ, ತಾನು ಅಟ್ಟಿದವನ ಬಾಯಿಂದ, ನಾನು ನಾನು ಎಂದು ಹಾಡಿದ. ಹುಣಸೆ ಎಂದಾಗ ಅಕ್ಕ ಸ್ವಲ್ಪ ಮುಂದೆ ಬಾಗಿದಳು. ಬಾಗಿಲು ಎಂದಾಗ ಅವಳ ಕೈ ಮಣೆಯ ಅಂಚು ಹಿಡಿಯಿತು. ತಮ್ಮ ಎಂದೇ ಹಾಡಿದ. ವಾಸನೆ ಎಂದು ಮುಗಿಸಿದ.

ಹಾಡು ನಿಂತಿತು. ತಾಳ ನಡೆಯಿತು. ಕೇಳುವವರ ಜಾಗ ಖಾಲಿಯಾಗಿ ಬಾಯಿ ತೆರೆದುಕೊಂಡು ಕಾಯಿತು.

"ಪಾಪಿ," ಎಂದಳು ಅಕ್ಕ. ಆ ಹಾಡನ್ನು ಅವಳು ಎಂದೂ ಕೇಳಿದವಳಲ್ಲ. ಆದರೂ ಮಾತು ಸರಿಯಾಗಿ ತಾಳದ ಮೇಲೆ ಬಿತ್ತು.

ಅವನು ಉಳಿದದ್ದನ್ನೂ ಹಾಡಿದ. ಕಲ್ಲಿನ ಸದ್ದು, ನೆರಳು, ಹೇಸರಗತ್ತೆ. ಗಿಟಾರಿನವನ ಹೆಂಡತಿ ಚಪ್ಪಾಳೆಗೆಂದು ಎತ್ತಿದ ಕೈಗಳನ್ನು ಹಾಗೇ ಸೆರಗಿನೊಳಗೆ ಇಟ್ಟುಕೊಂಡಳು.

"ಒಳಗೆ ಬರಲೇ ಇಲ್ಲವಾ ನೀನು?" ಎಂದು ಕೇಳಿದಳು ಅಕ್ಕ.

"ಇಲ್ಲ, ಅಕ್ಕ."

"ನಾನು ದೋಸೆಗೆ ರುಬ್ತಾ ಇದ್ದೆ. ದೋಸೆ ಬೇಕು ಅಂತ ನೀನೇ ಹಟ ಮಾಡಿದ್ದೆ."

"ಹೌದು."

"ಆ ವಾಸನೆ ನನಗೆ ಹಿಡಿಸ್ತಿತ್ತು ಕಣೋ." ಇದನ್ನು ಅವಳು ಮೆಲ್ಲಗೆ ಹೇಳಿದಳು. ಎಲ್ಲರಿಗೂ ಕೇಳಿಸಿತು.

ಹಾಡುವವನು, ಮುಳುಗುವವನು ಹುಲ್ಲು ಹಿಡಿಯುವ ಹಾಗೆ, ಹೇಳಿದ: "ಇದೇ ನಾನು ಅವತ್ತು ನಿನ್ನ ಕಿವಿಯಲ್ಲಿ ಹೇಳಿದ್ದು. ಇದನ್ನೇ ಹೇಳಿದ್ದು. ನೀನು ತಲೆಯಾಡಿಸಿದ್ದೆ, ಅಕ್ಕ."

"ಡ್ರಮ್ಮಿಗೆ," ಎಂದಳು ಅಕ್ಕ. "ನಾನು ತಲೆಯಾಡಿಸಿದ್ದು ಡ್ರಮ್ಮಿಗೆ. ಆ ಗದ್ದಲದಲ್ಲಿ ಯಾರ ತಲೆ ನಿಲ್ಲುತ್ತೆ?"

ಇಡೀ ಊರು ತನ್ನ ತನ್ನ ಕತ್ತನ್ನು ಮುಟ್ಟಿ ನೋಡಿಕೊಂಡಿತು. ಡ್ರಮ್ಮಿನವಳು ತನ್ನ ಎರಡು ಕೋಲುಗಳನ್ನು ಮಡಿಲಲ್ಲಿಟ್ಟುಕೊಂಡು ಅವನ್ನೇ ನೋಡಿದಳು, ಅವು ಯಾರದೋ ಎಂಬ ಹಾಗೆ.

ಅಕ್ಕ ಮಣೆ ಎತ್ತಿಕೊಂಡು ಮನೆಗೆ ಹೋದಳು. ತಲೆಯಾಡಿಸಲಿಲ್ಲ.

ಆ ಬ್ಯಾಂಡು ಕೆಳಗಿನ ಹಾಡಿಗೆ ಕೈ ಹಾಕಬೇಕಿತ್ತೋ ಹಾಕಬಾರದಿತ್ತೋ ಎಂದು ಬಂಡೆಯೂರಿನಲ್ಲಿ ಇವತ್ತಿಗೂ ಚರ್ಚೆ ಇದೆ. ಹಾಕಬಾರದಿತ್ತು ಅನ್ನುವವರು ಊರ ಆಚೆ ತುದಿಯಲ್ಲಿ ಹೊಸ ಸ್ಪೀಕರು ನಿಲ್ಲಿಸಿ, ಹೊಸ ಹುಡುಗರನ್ನು ಹತ್ತಿಸಿದ್ದಾರೆ. ಅಲ್ಲಿ ಜನ ಜಾಸ್ತಿ. ಊರ ಹಿರಿಯನ ಹೆಂಡತಿ ತಂಗಿಯ ಮನೆಗೆ ಹೋಗಿ ಇದ್ದು ಬಂದಳು. ಅಕ್ಕತಂಗಿಯರು ನಕ್ಕೂ ನಕ್ಕೂ ಸುಸ್ತಾದರೆಂದು ಸುದ್ದಿ. ಅಳುವ ಮಗುವಿಗೆ ಏಳದವನು ಹೆಂಡತಿಯ ಜೊತೆ ದಿನವೂ ಅದೇ ಮಾತನ್ನು ಆಡುತ್ತಾನೆ, ಈಗ ಕೂಗದೆ. ತೊಟ್ಟಿಕ್ಕುತ್ತಿದ್ದ ನಲ್ಲಿಯನ್ನು ಯಾರೋ ಸರಿ ಮಾಡಿದರು.

ಹಳೆಯ ಕಟ್ಟೆಯ ಮೇಲೆ ನಾಲ್ವರು ಮುದುಕರು ವಾರಕ್ಕೊಂದು ಸಂಜೆ ಅದೇ ಹಾಡು ನುಡಿಸುತ್ತಾರೆ. ಗಂಜಿ ಬಡಿಸುವಾಗ ಅಕ್ಕ ಈಗ ಏನೂ ಕೇಳುವುದಿಲ್ಲ. ಸಂಜೆ ಮಣೆ ಹಾಕಿಕೊಂಡು ಮುಂದೆ ಕೂತು, "ಹಾಡು," ಅನ್ನುತ್ತಾಳೆ. ಅವನು ಹಾಡುತ್ತಾನೆ. ಕೇಳುವವರ ಜಾಗ ಬಂದಾಗ ಅವಳು ತನ್ನ ಮಾತು ಹಾಕುತ್ತಾಳೆ. ಒಂದೊಂದು ವಾರ ಒಂದೊಂದು. ಕೆಲವು ಬಹಳ ಚೆನ್ನಾಗಿರುತ್ತವೆ.

ಆ ತಾಳ ಕೆಟ್ಟದ್ದು; ಕತ್ತನ್ನು ಕೇಳದೆ ಅಲುಗಿಸಿಬಿಡುವಂಥದ್ದು. ಅದಕ್ಕೇ ಹಾಡು ಶುರುವಾದ ಕೂಡಲೇ ಅಕ್ಕ ಎರಡೂ ಅಂಗೈಗಳಲ್ಲಿ ಗಲ್ಲವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾಳೆ. ಹಾಡುವವನು ಮೊದಲ ಪದದಿಂದ ಕೊನೆಯ ಪದದವರೆಗೆ ಆ ಬಿಳಿ ತಲೆಯನ್ನೇ ನೋಡುತ್ತಾನೆ. ಅದು ಅಲುಗುವುದಿಲ್ಲ.

ಕಾಲಿನ ವಿಷಯ ಕಟ್ಟಳೆಯಲ್ಲಿ ಎಲ್ಲೂ ಬಂದಿಲ್ಲ. ಸೀರೆಯ ಅಂಚಿನ ಕೆಳಗೆ ಅಕ್ಕನ ಹೆಬ್ಬೆರಳ ತುದಿ ಏಳುತ್ತದೆ, ಇಳಿಯುತ್ತದೆ. ಡ್ರಮ್ಮಿನವಳು ಈಗ ತಾಳಕ್ಕೆ ಹಾಡುವವನ ಬೆನ್ನನ್ನು ನೋಡುವುದಿಲ್ಲ, ಆ ಹೆಬ್ಬೆರಳನ್ನು ನೋಡುತ್ತಾಳೆ. ಹಾಡುವವನಿಗೆ ಅವಳು ಇದನ್ನು ಹೇಳಿಲ್ಲ.